ಮದರಾಸಿನಲ್ಲೊಂದು ಸೀತಾಳೆ ದಂಡೆ

2018ರ ಆಷಾಢದ ಗಾಳಿಗೆ ನಮ್ಮ ಊರಮನೆಯ ಹಿತ್ತಲಲ್ಲಿದ್ದ ಹಲಸಿನ ಮರ ಬಿತ್ತು. ಸಾಗರ ತಾಲ್ಲೂಕಿನ ಆ ಮನೆಯಲ್ಲಿ ಆಗ ಯಾರೂ ಇರಲಿಲ್ಲ. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಅಮ್ಮ ನಮ್ಮ ಜೊತೆ ಚೆನ್ನೈಗೆ ಬಂದು ಆರು ತಿಂಗಳಾಗಿತ್ತು. ಪಕ್ಕದ ಮನೆಯವರು ಫೋನು ಮಾಡಿ ಸುದ್ದಿ ಹೇಳಿದಾಗ ಅಮ್ಮ ಮರದ ಬಗ್ಗೆ ಕೇಳಲಿಲ್ಲ, ಹೆಂಚಿನ ಬಗ್ಗೆಯೂ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು: "ಅದರ ಮೇಲಿದ್ದ ಸೀತಾಳೆ ಏನಾಯ್ತು?"

ಮಲೆನಾಡಿನವರಿಗೆ ಸೀತಾಳೆ ದಂಡೆಯನ್ನು ಪರಿಚಯಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹಳೆಯ ಮರಗಳ ಕೊಂಬೆಗೆ ಅಂಟಿಕೊಂಡು ಬೆಳೆಯುವ ಆರ್ಕಿಡ್ ಅದು. ವರ್ಷವಿಡೀ ನೋಡಿದರೆ ದಪ್ಪ ಪಟ್ಟಿಯಂಥ ಎಲೆಗಳ ಒಂದು ಕುಚ್ಚು, ಅದರ ಕೆಳಗೆ ಬಿಳಿ ಹಗ್ಗದಂಥ ಬೇರು, ಅಷ್ಟೇ. ಮುಂಗಾರು ಹಿಡಿಯುವ ಹೊತ್ತಿಗೆ ಮಾತ್ರ ಎಲೆಗಳ ಸಂದಿಯಿಂದ ಗೇಣುದ್ದದ, ಕೆಲವೊಮ್ಮೆ ಮೊಳದುದ್ದದ ಹೂಗೊಂಚಲು ಕೆಳಕ್ಕೆ ಜೋಲುತ್ತದೆ. ಬಿಳಿ ಎಸಳು, ಅದರ ಮೇಲೆ ನೇರಳೆ ಚುಕ್ಕಿ. ಯಾರೋ ಕೂತು ಒತ್ತೊತ್ತಾಗಿ ಕಟ್ಟಿದ ಹಾಗೆ ಇರುತ್ತದೆ. ವನವಾಸದಲ್ಲಿ ಸೀತೆ ಮುಡಿದ ದಂಡೆ ಎಂದು ಅಜ್ಜಿಯರು ಹೇಳುತ್ತಿದ್ದರು. ಮರಾಠಿಯಲ್ಲೂ ಇದಕ್ಕೆ ಸೀತೆಯ ಹೆಸರೇ, ಸೀತೇಚಿ ವೇಣಿ. ಅಸ್ಸಾಮಿನಲ್ಲಿ ಇದು ಕೊಪೌ ಫುಲ್, ಆ ರಾಜ್ಯದ ಹೂವು, ಬಿಹು ಕುಣಿಯುವ ಹುಡುಗಿಯರ ಮುಡಿಯಲ್ಲಿ ಕಾಣುವುದು ಇದೇ. ಸಸ್ಯಶಾಸ್ತ್ರದ ಹೆಸರು ರಿಂಕೊಸ್ಟೈಲಿಸ್ ರೆಟ್ಯೂಸ.

ಮುಂದಿನ ವಾರ ಊರಿಗೆ ಹೋದವನು ಬಿದ್ದ ಕೊಂಬೆಯಿಂದ ಒಂದು ಬುಡವನ್ನು ಬಿಡಿಸಿ, ಪೇಪರಿನಲ್ಲಿ ಸುತ್ತಿ, ಬೆಂಗಳೂರಿನವರೆಗೆ ಬಸ್ಸು, ಅಲ್ಲಿಂದ ರೈಲು ಎಂದು ತೊಡೆಯ ಮೇಲಿಟ್ಟುಕೊಂಡು ತಂದೆ. ಅಮ್ಮನ ಮುಖ ಅರಳಿತು. ನಾನು ಅದನ್ನು ಏಳು ತಿಂಗಳಲ್ಲಿ ಕೊಂದೆ.

ಕೊಂದದ್ದು ಅಸಡ್ಡೆಯಿಂದಲ್ಲ. ಅದನ್ನೇ ಹೇಳಬೇಕಾಗಿದೆ. ಚಂದದ ಪಿಂಗಾಣಿ ಕುಂಡ ಕೊಂಡೆ, ತೆಂಗಿನ ನಾರಿನ ಪುಡಿ ತುಂಬಿದೆ, ಬಿಳಿ ಬೇರುಗಳನ್ನೆಲ್ಲ ಅದರೊಳಗೆ ಜೋಪಾನವಾಗಿ ಹುಗಿದೆ. ಮಳೆಕಾಡಿನ ಗಿಡವಲ್ಲವೇ ಎಂದು ದಿನಕ್ಕೆ ಎರಡು ಸಲ ನೀರು. ಚೆನ್ನೈ ಬಿಸಿಲು ತಾಗದಿರಲಿ ಎಂದು ಒಳಗಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಪರದೆ ಎಳೆದು ಇಟ್ಟೆ. ಡಿಸೆಂಬರಿನಲ್ಲಿ ಎಲೆ ಹಳದಿಯಾಯಿತು. ಇನ್ನಷ್ಟು ನೀರು ಹಾಕಿದೆ. 2019ರ ಫೆಬ್ರವರಿಯಲ್ಲಿ ಎಲೆಗಳನ್ನು ಎತ್ತಿದರೆ ಬೇರಿಲ್ಲದೆ ಕೈಗೆ ಬಂದವು, ಬುಡದಲ್ಲಿ ಕೊಳೆತ ವಾಸನೆ. ಅಮ್ಮ ನೋಡಿ, "ಉಸಿರುಗಟ್ಟಿ ಸತ್ತಿದೆ ಮಾರಾಯ" ಎಂದು ಒಳಗೆ ಹೋದರು.

ನನ್ನ ಕೆಲಸವೇ ಪ್ರಾಜೆಕ್ಟು ಕೆಟ್ಟಾಗ ಎಲ್ಲಿ ಕೆಟ್ಟಿತು ಎಂದು ಹುಡುಕುವುದು. ಸುರತ್ಕಲ್ಲಿನಲ್ಲಿ ಎಂ.ಟೆಕ್. ಮಾಡುವಾಗಲೂ ಗಿಡದ ಬಗ್ಗೆ ಒಂದಕ್ಷರ ಓದಿದವನಲ್ಲ. ಈಗ ರಾತ್ರಿ ಕಾಲ್‌ಗಳ ನಡುವೆ ಓದತೊಡಗಿದೆ. ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ನಾನು ಮಾಡಿದ ತಪ್ಪು ಹೊಸದಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಅತಿ ಶ್ರೀಮಂತರು, ಅತಿ ನುರಿತ ತೋಟಗಾರರು ಇದೇ ತಪ್ಪನ್ನು ಸಾವಿರಾರು ಗಿಡಗಳ ಮೇಲೆ ಮಾಡಿದ್ದರು.

ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಭಾರತ, ಬರ್ಮಾ, ದಕ್ಷಿಣ ಅಮೆರಿಕದ ಕಾಡುಗಳಿಂದ ಆರ್ಕಿಡ್‌ಗಳು ಹಡಗುಗಳಲ್ಲಿ ಯುರೋಪಿಗೆ ಹೋಗತೊಡಗಿದವು. ಉಷ್ಣವಲಯ ಎಂದರೆ ಸೆಕೆ, ಕತ್ತಲೆ, ಕೊಳೆಯುವಷ್ಟು ತೇವ ಎಂಬ ಒಂದು ಚಿತ್ರ ಅಲ್ಲಿನವರ ತಲೆಯಲ್ಲಿತ್ತು. ಅದಕ್ಕೆ ತಕ್ಕಂತೆ ಗಾಜಿನ ಮನೆ ಕಟ್ಟಿ, ಗಾಳಿ ಆಡದಂತೆ ಮುಚ್ಚಿ, ಒಲೆ ಉರಿಸಿ, ಹಬೆ ಎಬ್ಬಿಸಿ ಗಿಡಗಳನ್ನು ಅದರೊಳಗೆ ಇಟ್ಟರು. ಆರ್ಕಿಡ್ ಶಾಸ್ತ್ರದ ಪಿತಾಮಹ ಎನಿಸಿಕೊಂಡ ಜಾನ್ ಲಿಂಡ್ಲಿಯೇ 1830ರಲ್ಲಿ ಲಂಡನ್ನಿನ ತೋಟಗಾರಿಕಾ ಸಂಘದ ಮುಂದೆ ಇವುಗಳಿಗೆ ನೆರಳು, ಹೆಚ್ಚು ಶಾಖ, ಹೆಚ್ಚು ತೇವ ಬೇಕು ಎಂದು ಪ್ರಬಂಧ ಓದಿದ. ದೊಡ್ಡವರ ಮಾತು ಎಂದು ಎಲ್ಲರೂ ಪಾಲಿಸಿದರು. ಗಿಡಗಳು ಸತ್ತವು. ಸತ್ತಷ್ಟೂ ಕಾಡಿನಿಂದ ಇನ್ನಷ್ಟು ತರಿಸಿದರು.

ಇದರ ಲೆಕ್ಕ ಎಷ್ಟು ಕ್ರೂರವಾಗಿತ್ತು ಎಂಬುದಕ್ಕೆ ಜೋಸೆಫ್ ಹೂಕರ್ ಸಾಕ್ಷಿ. 1850ರಲ್ಲಿ ಖಾಸಿ ಬೆಟ್ಟಗಳಲ್ಲಿ ನೀಲಿ ವ್ಯಾಂಡಾ ಎಂಬ ಆರ್ಕಿಡ್ಡನ್ನು ಏಳು ಆಳು ಹೊರುವಷ್ಟು ಸಂಗ್ರಹಿಸಿ ಕ್ಯೂ ಉದ್ಯಾನಕ್ಕೆ ಕಳಿಸಿದೆವು, ಕೆಲವೇ ಬದುಕಿ ತಲುಪಿದವು ಎಂದು ತನ್ನ ಹಿಮಾಲಯ ಪ್ರವಾಸದ ಪುಸ್ತಕದಲ್ಲಿ ಅವನೇ ಬರೆದುಕೊಂಡಿದ್ದಾನೆ. ಓದಿದಾಗ ನನ್ನ ಪಿಂಗಾಣಿ ಕುಂಡ ನೆನಪಾಯಿತು.

ತಪ್ಪು ತಿದ್ದಿದವನು ಒಬ್ಬ ತೋಟಗಾರ. ಜೋಸೆಫ್ ಪ್ಯಾಕ್ಸ್‌ಟನ್, ಡೆವನ್‌ಷೈರ್ ಡ್ಯೂಕನ ಚಾಟ್ಸ್‌ವರ್ತ್ ತೋಟದ ಮುಖ್ಯಸ್ಥ. ಅವನು ತನ್ನ ಕೈಕೆಳಗಿನ ಜಾನ್ ಗಿಬ್ಸನ್ ಎಂಬ ಯುವಕನನ್ನು 1835ರಲ್ಲಿ ಭಾರತಕ್ಕೆ ಕಳಿಸಿದ. ಗಿಬ್ಸನ್ ಚಿರಾಪುಂಜಿಯ ಸುತ್ತಮುತ್ತ ಅಲೆದು, 1837ರಲ್ಲಿ ಆರ್ಕಿಡ್‌ಗಳ ದೊಡ್ಡ ಹೊರೆಯೊಂದಿಗೆ ಮರಳಿದ. ಗಿಡಗಳ ಜೊತೆ ಅವನು ತಂದದ್ದು ಕಣ್ಣಾರೆ ಕಂಡ ಸುದ್ದಿ. ಇವು ಕತ್ತಲಲ್ಲಿ ಬೆಳೆಯುವುದಿಲ್ಲ, ಮರದ ಮೇಲೆ ಗಾಳಿ ಬೆಳಕಿನಲ್ಲಿ ಬೆಳೆಯುತ್ತವೆ. ಎಲ್ಲಕ್ಕೂ ಒಂದೇ ಶಾಖ ಬೇಕಿಲ್ಲ. ಪ್ಯಾಕ್ಸ್‌ಟನ್ ಒಲೆಯ ಉರಿ ತಗ್ಗಿಸಿದ, ಗಾಜಿನ ಮನೆಯ ಕಿಟಕಿಗಳನ್ನು ತೆರೆಸಿದ, ತೇವಕ್ಕಾಗಿ ನೆಲಕ್ಕೆ ನೀರು ಚಿಮುಕಿಸಿದ. ಗಿಡಗಳು ಬದುಕತೊಡಗಿದವು. ಲಿಂಡ್ಲಿಯೂ ಆಮೇಲೆ ತನ್ನ ಅಭಿಪ್ರಾಯ ಬದಲಿಸಿಕೊಂಡ.

ಇದರ ಹಿಂದಿನ ಕಾರಣ ಈಗ ಶಾಲೆಯ ಹುಡುಗರಿಗೂ ಅರ್ಥವಾಗುವಂಥದ್ದು. ಮರದ ಮೇಲಿನ ಆರ್ಕಿಡ್ಡಿನ ಬೇರಿಗೆ ಸ್ಪಂಜಿನಂಥ ಒಂದು ಹೊದಿಕೆ ಇರುತ್ತದೆ, ವೆಲಮೆನ್ ಅಂತ. ಮಳೆ ಬಂದ ಕೂಡಲೇ ಅದು ನೀರು ಹೀರಿ ಹಸಿರಾಗುತ್ತದೆ, ಗಾಳಿಗೆ ಒಣಗಿ ಮತ್ತೆ ಬೂದು ಬಿಳುಪಾಗುತ್ತದೆ. ನೆನೆಯುವುದೂ ಒಣಗುವುದೂ ಎರಡೂ ಆಗಬೇಕು. ಒಣಗಲು ಬಿಡದಿದ್ದರೆ ಬೇರಿಗೆ ಗಾಳಿ ಸಿಗದು, ಕೊಳೆಯುತ್ತದೆ. ಅಮ್ಮ ಹೇಳಿದ್ದೂ ಅದನ್ನೇ, ಪ್ರಬಂಧ ಬರೆಯದೆ.

ಸೀತಾಳೆಯ ಹೆಸರಿನ ಚರಿತ್ರೆ ಇದಕ್ಕಿಂತ ಹಳೆಯದು. ಕೊಚ್ಚಿಯ ಡಚ್ ಗವರ್ನರ್ ಆಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಗಳ ಮೇಲೆ ಬರೆಸಿದ 'ಹೋರ್ಟಸ್ ಮಲಬಾರಿಕಸ್' ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುದನ್ ಎಂಬ ಈಳವ ವೈದ್ಯರು, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರು ಕೊಟ್ಟ ತಿಳಿವಳಿಕೆ ಅದರ ಬೆನ್ನೆಲುಬು. ಅವರ ಪ್ರಮಾಣಪತ್ರಗಳನ್ನು ಮೊದಲ ಸಂಪುಟದಲ್ಲೇ ಅಚ್ಚು ಹಾಕಿದ್ದಾರೆ. ಕೊನೆಯ ಸಂಪುಟ ಬರುವ ಹೊತ್ತಿಗೆ ರೀಡ್ ಬದುಕಿರಲಿಲ್ಲ. 1691ರ ಡಿಸೆಂಬರಿನಲ್ಲಿ ಸೂರತ್ತಿಗೆ ಹೋಗುವ ಹಡಗಿನಲ್ಲೇ ತೀರಿಕೊಂಡಿದ್ದ. ಆ ಹನ್ನೆರಡನೇ ಸಂಪುಟದಲ್ಲಿ ನಮ್ಮ ಸೀತಾಳೆ ಇದೆ, 'ಅಂಜಿಲಿ ಮರವಾಳ' ಎಂಬ ಹೆಸರಿನಲ್ಲಿ. ಅಂಜಿಲಿ ಅಂದರೆ ನಮ್ಮ ಹೆಬ್ಬಲಸು. ಹಲಸಿನ ಜಾತಿಯದೇ ಮರ. ಯಾವ ಮರದ ಮೇಲೆ ಸಿಗುತ್ತದೋ ಆ ಮರದ ಹೆಸರಿನಿಂದ ಗಿಡವನ್ನು ಗುರುತಿಸಿದ್ದಾರೆ.

1753ರಲ್ಲಿ ಲಿನೇಯಸ್ ಈ ಚಿತ್ರವನ್ನು ನೋಡಿಯೇ ಅದಕ್ಕೆ ಎಪಿಡೆಂಡ್ರಮ್ ರೆಟ್ಯೂಸಮ್ ಎಂದು ಹೆಸರಿಟ್ಟ. ಎಪಿಡೆಂಡ್ರಮ್ ಅಂದರೆ ಮರದ ಮೇಲಿರುವುದು, ರೆಟ್ಯೂಸ ಎಂದರೆ ತುದಿ ಕಚ್ಚಿದಂತಿರುವ ಎಲೆ. 1825ರಲ್ಲಿ ಜಾವಾದಲ್ಲಿದ್ದ ಬ್ಲೂಮೆ ಅದನ್ನು ರಿಂಕೊಸ್ಟೈಲಿಸ್ ಮಾಡಿದ, ಅಂದರೆ ಕೊಕ್ಕಿನಂಥ ಕಂಬ. ನಡುವೆ ಅದು ಏರಿಡೀಸ್ ಆಗಿತ್ತು, ಸ್ಯಾಕೊಲೇಬಿಯಮ್ ಕೂಡ ಆಯಿತು. ಮರದ ಹೆಸರು ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು. ನಮ್ಮಮ್ಮ ಮಾತ್ರ ಇಂದಿಗೂ 'ಹಲಸಿನ ಮೇಲಿನ ಸೀತಾಳೆ', 'ಮಾವಿನ ಮೇಲಿನ ಸೀತಾಳೆ' ಎಂದೇ ಹೇಳುವುದು. ಅವು ಎರಡೂ ಒಂದೇ ಜಾತಿ ಎಂದು ಹೇಳಹೋದೆ. "ಒಂದೇ ಇರಬಹುದು, ಆದರೆ ಮಾವಿನ ಮೇಲಿನದು ಒಂದು ವಾರ ತಡ" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಚರಿತ್ರೆಯ ಒಂದು ಅಧ್ಯಾಯ ನಡೆದದ್ದು ನಾನಿರುವ ಊರಿನಲ್ಲೇ ಎಂದು ಗೊತ್ತಾದದ್ದು ತಡವಾಗಿ. 1776ರಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಎಂಬ ಸ್ಕಾಟ್‌ಲ್ಯಾಂಡಿನ ಯುವಕ ಕಂಪನಿಯ ಸಹಾಯಕ ವೈದ್ಯನಾಗಿ ಮದರಾಸಿಗೆ ಬಂದ. ಮುಂದೆ ಆಂಧ್ರದ ಸಾಮರ್ಲಕೋಟೆಯಲ್ಲಿದ್ದು ಇಲ್ಲಿನ ಗಿಡಗಳನ್ನು ಸ್ಥಳೀಯ ಚಿತ್ರಕಾರರಿಂದ ಬರೆಸಿದ. 1795ರಿಂದ ಲಂಡನ್ನಿನಲ್ಲಿ ಅಚ್ಚಾದ 'ಕೋರಮಂಡಲ ತೀರದ ಸಸ್ಯಗಳು' ಪುಸ್ತಕದಲ್ಲಿ 300 ಚಿತ್ರಗಳಿವೆ. ಆ ಚಿತ್ರಕಾರರ ಹೆಸರು ಪುಸ್ತಕದಲ್ಲಿಲ್ಲ. ಮೊದಲ ಸಂಪುಟದಲ್ಲೇ ಈ ತೀರದ ಒಣ ಬಯಲಿನ ಮರಗಳ ಮೇಲೆ ಬೆಳೆಯುವ ಒಂದು ಆರ್ಕಿಡ್ ಇದೆ. ಎಸಳಿನ ಮೇಲೆ ಕಂದು ಗೆರೆಗಳ ಚೌಕುಳಿ ಇರುವುದು. ಇಂದು ಅದರ ಹೆಸರು ವ್ಯಾಂಡಾ ಟೆಸ್ಸಲೇಟ. ಈ ವ್ಯಾಂಡಾ ಎಂಬುದು ಮರದ ಮೇಲೆ ಬೆಳೆಯುವ ಗಿಡಕ್ಕೆ ಸಂಸ್ಕೃತದಲ್ಲಿರುವ 'ವಂದಾ' ಎಂಬ ಮಾತು. ನಮ್ಮ ಬಂದಣಿಕೆಯೂ ಅದರ ನೆಂಟನೇ ಇರಬೇಕು ಎಂದು ನನ್ನ ಕಿವಿಗೆ ಅನಿಸುತ್ತದೆ. ಆದರೆ ಬಂದಣಿಕೆ ಮರದ ರಸ ಹೀರುತ್ತದೆ, ಆರ್ಕಿಡ್ ಹೀರುವುದಿಲ್ಲ. ಅದಕ್ಕೆ ಬೇಕಾದದ್ದು ಕೂರಲು ಜಾಗ ಮಾತ್ರ.

ರಾಕ್ಸ್‌ಬರ್ಗನ ನಂತರದ ದೊಡ್ಡ ಹೆಸರು ರಾಬರ್ಟ್ ವೈಟ್. ಅವನೂ ಮದರಾಸು ಪ್ರೆಸಿಡೆನ್ಸಿಯ ವೈದ್ಯನೇ. 1838ರಿಂದ 1853ರವರೆಗೆ ಅವನು ಹೊರತಂದ 'ಐಕೋನ್ಸ್' ಎಂಬ ಆರು ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. ಅವು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮದರಾಸಿನಲ್ಲಿ, ಕಲ್ಲಚ್ಚಿನಲ್ಲಿ. ಚಿತ್ರ ಬರೆದವರು ಮೊದಲು ರಂಗಯ್ಯ, ಆಮೇಲೆ ಗೋವಿಂದು. ಇಬ್ಬರ ಬಗ್ಗೆಯೂ ಹೆಚ್ಚಿನ ವಿವರ ಉಳಿದಿಲ್ಲ. ಆದರೆ ವೈಟ್ ಅವರ ಹೆಸರುಗಳನ್ನು ಚಿತ್ರಗಳ ಕೆಳಗೆ ಹಾಕಿದ. ಕೊನೆಯ ಸಂಪುಟದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಆರ್ಕಿಡ್ ಕುಲಕ್ಕೇ 'ಗೋವಿಂದೂಯಿಯ' ಎಂದು ಹೆಸರಿಟ್ಟ. ಗವರ್ನರ್, ಡ್ಯೂಕುಗಳ ಹೆಸರನ್ನು ಹೂಗಳಿಗೆ ಇಡುತ್ತಿದ್ದ ಕಾಲದಲ್ಲಿ ಒಬ್ಬ ಭಾರತೀಯ ಚಿತ್ರಕಾರನ ಹೆಸರು!

ಆ ಹೆಸರು ಬಾಳಲಿಲ್ಲ. ಆ ಗಿಡ ಲಿಂಡ್ಲಿ ಅದಕ್ಕೂ ಮೊದಲೇ ಹೆಸರಿಟ್ಟಿದ್ದ ಟ್ರೊಪಿಡಿಯ ಎಂಬ ಕುಲಕ್ಕೆ ಸೇರಿದ್ದೆಂದು ತೀರ್ಮಾನವಾಯಿತು. ಹಳೆಯ ಹೆಸರಿಗೇ ಆದ್ಯತೆ ಎಂಬುದು ಸಸ್ಯಶಾಸ್ತ್ರದ ನಿಯಮ. ಗೋವಿಂದು ಈಗ ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಓರೆ ಅಕ್ಷರದಲ್ಲಿದ್ದಾನೆ. ನಿಯಮ ಸರಿಯಾದದ್ದೇ, ತಕರಾರಿಲ್ಲ. ಆದರೂ ಕಳೆದ ವರ್ಷ ಒಂದು ರಿಲೀಸಿನ ಕೊನೆಯಲ್ಲಿ ಕ್ಲೈಂಟಿಗೆ ತೋರಿಸಿದ ಸ್ಲೈಡಿನಲ್ಲಿ, ಮೂರು ವಾರ ರಾತ್ರಿ ಕೂತು ಕೋಡು ತಿದ್ದಿದ ಹುಡುಗಿಯ ಹೆಸರನ್ನು ಹಾಕದೆ 'ಟೀಮ್' ಎಂದಷ್ಟೇ ಬರೆದಿದ್ದೆ. ಗೋವಿಂದುವಿನ ಬಗ್ಗೆ ಓದಿದ ರಾತ್ರಿ ಅದು ನೆನಪಾಗಿ ನಿದ್ದೆ ಬರಲಿಲ್ಲ. ಮರುದಿನ ಅವಳ ಮ್ಯಾನೇಜರಿಗೆ, ಕ್ಲೈಂಟಿಗೆ ಇಬ್ಬರಿಗೂ ಮೇಲ್ ಬರೆದೆ. ತಡವಾಗಿತ್ತು, ಆದರೂ ಬರೆದೆ.

ವೈಟ್ ಇದ್ದ ಕಾಲದಲ್ಲೇ, 1835ರಲ್ಲಿ, ಮದರಾಸಿನ ಕೃಷಿ-ತೋಟಗಾರಿಕಾ ಸಂಘ ಹುಟ್ಟಿತು. ಅದರ ತೋಟ ಇದ್ದದ್ದು ಕೆಥೆಡ್ರಲ್ ರಸ್ತೆಯಲ್ಲಿ. ಚೆನ್ನೈ ಕನ್ನಡಿಗರಿಗೆ ಆ ಜಾಗ ಬೇರೆ ಕಾರಣಕ್ಕೆ ಗೊತ್ತು. ಅದರ ಎದುರಿಗೆ ಉಡುಪಿ ಕಡೆಯ ಕೃಷ್ಣರಾಯರು 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇತ್ತು. 2005ರಲ್ಲಿ ಕೆಲಸಕ್ಕೆಂದು ಬಂದ ಹೊಸತರಲ್ಲಿ ಕಾರಿಲ್ಲದ ನಾವು ನಾಲ್ಕು ಜನ ಗೆಳೆಯರು ಬಸ್ಸಿಳಿದು ಆ ಡ್ರೈವ್-ಇನ್‌ಗೆ ನಡೆದುಕೊಂಡು ಹೋಗುತ್ತಿದ್ದೆವು. ದೊಡ್ಡ ಮರಗಳ ಕೆಳಗೆ ಕಾಫಿ, ಕನ್ನಡ ಮಾತು. 2008ರಲ್ಲಿ ಅದು ಮುಚ್ಚಿತು. ಅದೇ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ಬಂತು. ಆ ಮರಗಳ ಕೆಳಗೆ ಕೂತು ಎಷ್ಟು ದೋಸೆ ತಿಂದಿದ್ದೇನೋ, ಒಮ್ಮೆಯಾದರೂ ತಲೆಯೆತ್ತಿ ಕೊಂಬೆಯ ಮೇಲೆ ಏನಿದೆ ಎಂದು ನೋಡಿದ ನೆನಪಿಲ್ಲ.

ಎರಡನೇ ಸೀತಾಳೆ ಬಂದದ್ದು 2021ರಲ್ಲಿ. ಬಿದ್ದ ಹಲಸಿನ ಇನ್ನೊಂದು ಕೊಂಬೆಯ ಬುಡವನ್ನು ಪಕ್ಕದ ಮನೆಯವರು ತಮ್ಮ ಅಂಗಳದ ಮಾವಿಗೆ ಕಟ್ಟಿ ಬದುಕಿಸಿದ್ದರು, ಅದರಿಂದ ಒಂದು ಕವಲು ಕೊಟ್ಟರು. ಇಲ್ಲಿ ಒಂದು ಮಾತು. ಕಾಡಿನ ಆರ್ಕಿಡ್ಡನ್ನು ಯಾರೂ ಕೀಳಬೇಡಿ. ಇಡೀ ಆರ್ಕಿಡ್ ಕುಟುಂಬವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟೀಸ್ ಪಟ್ಟಿಯಲ್ಲಿದೆ. ಕೀಳುವ ಅಗತ್ಯವೂ ಇಲ್ಲ. ಆರ್ಕಿಡ್ಡಿನ ಧೂಳಿನಂಥ ಬೀಜ ಮೊಳೆಯಲು ಒಂದು ಶಿಲೀಂಧ್ರದ ನೆರವು ಬೇಕು ಎಂದು 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ ಕಂಡುಹಿಡಿದ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆಯೇ ಸಕ್ಕರೆ ಬೆರೆಸಿದ ಅಗರ್‌ನಲ್ಲಿ ಮೊಳೆಸಿ ತೋರಿಸಿದ. ಅಲ್ಲಿಂದ ಪ್ರಯೋಗಾಲಯದಲ್ಲೇ ಸಸಿ ಮಾಡುವುದು ಸಾಧ್ಯವಾಗಿದೆ. ಅಂಥ ಸಸಿ ಮಾರುವ ನರ್ಸರಿಗಳಿವೆ, ಕೇಳಿ ಕೊಳ್ಳಿ.

ಈ ಸಲ ಕುಂಡವಿಲ್ಲ. ಹಲಸಿನ ಮರದ್ದೇ ಒಂದು ತುಂಡು ಹಲಗೆ ಊರಿನಿಂದ ತಂದೆ, ಸಿಪ್ಪೆ ಸಮೇತ. ಅದಕ್ಕೆ ಗಿಡವನ್ನು ಹತ್ತಿಯ ದಾರದಿಂದ ಕಟ್ಟಿದೆವು. ಬೇರಿನ ಮೇಲೆ ಏನೂ ಮುಚ್ಚಲಿಲ್ಲ. ಪೂರ್ವದ ಬಾಲ್ಕನಿಯಲ್ಲಿ ತೂಗು ಹಾಕಿದೆ, ಎಂಟೂವರೆಯವರೆಗೆ ಎಳೆಬಿಸಿಲು, ಆಮೇಲೆ ಬೆಳಕಷ್ಟೇ. ಏಪ್ರಿಲಿನಿಂದ ಜೂನ್‌ವರೆಗೆ ಅರ್ಧ ಬಿಸಿಲು ತಡೆಯುವ ಹಸಿರು ಬಲೆ. ನೀರು ಬೆಳಿಗ್ಗೆ ಮಾತ್ರ, ಮಧ್ಯಾಹ್ನದೊಳಗೆ ಬೇರು ಮತ್ತೆ ಬೆಳ್ಳಗಾಗಬೇಕು. ಕಡುಬೇಸಿಗೆಯಲ್ಲಿ ಮಾತ್ರ ಸಂಜೆ ಇನ್ನೊಂದು ಸಲ ಸಿಂಪಡಣೆ.

ನೀರಿನದೇ ದೊಡ್ಡ ಪಾಠ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರನ್ನು ಟಿಡಿಎಸ್ ಮೀಟರಿನಲ್ಲಿ ಅಳೆದರೆ 1400 ದಾಟುತ್ತಿತ್ತು. ಆ ಉಪ್ಪು ವೆಲಮೆನ್ನಿನಲ್ಲಿ ಕೂತು ಬೇರಿನ ತುದಿ ಸುಡುತ್ತದೆ. 2019ರ ಬೇಸಿಗೆಯಲ್ಲಿ ಚೆನ್ನೈಯ ನಾಲ್ಕೂ ಜಲಾಶಯಗಳು ಒಣಗಿ ಊರೇ ಟ್ಯಾಂಕರಿಗೆ ಕಾದು ನಿಂತದ್ದನ್ನು ಕಂಡ ಮೇಲೆ ಮಳೆನೀರು ಹಿಡಿದಿಡುವ ಅಭ್ಯಾಸ ಬಂದಿತ್ತು. ಅದೇ ನೀರು ಈಗ ಸೀತಾಳೆಗೆ. ಗೊಬ್ಬರ, ಪೊಟ್ಟಣದ ಮೇಲೆ ಬರೆದದ್ದರ ಕಾಲು ಭಾಗ, ಹದಿನೈದು ದಿನಕ್ಕೊಮ್ಮೆ. ಇಲ್ಲಿ ಇನ್ನೊಂದು ತೊಡಕಿದೆ. ಊರಲ್ಲಿ ಮಳೆ ಜೂನಿಗೆ, ಇಲ್ಲಿ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿಗೆ. ಗಿಡ ವಿಶ್ರಾಂತಿಗೆ ಹೊರಡುವ ಹೊತ್ತಿಗೆ ಇಲ್ಲಿ ಆಕಾಶ ಬಿಚ್ಚುತ್ತದೆ. ಆ ದಿನಗಳಲ್ಲಿ ನಾನು ಹಾಕುವ ನೀರು ಪೂರ್ತಿ ಬಂದ್, ಗಾಳಿ ಮಾತ್ರ ಬಿಡದೆ ಆಡಬೇಕು.

2022 ಹೋಯಿತು, 2023 ಹೋಯಿತು, ಹೊಸ ಬೇರು ಬಂತು, ಎಲೆ ಬಂತು, ಹೂವಿಲ್ಲ. ಈ ನಡುವೆ ಇನ್ನೊಂದು ಸಂಗತಿ ನಿಧಾನವಾಗಿ ನನ್ನ ಗಮನಕ್ಕೆ ಬಂತು. ಅಮ್ಮ ಬಂದ ಮೊದಲ ವರ್ಷ ಅವರಿಗೂ ನಾನು ಅದೇ ಒಳಗಿನ ಕೋಣೆ ಕೊಟ್ಟಿದ್ದೆ. ಎಸಿ, ಮುಚ್ಚಿದ ಕಿಟಕಿ, ಟಿವಿ. ಕೆಳಗೆ ಇಳಿಯಬೇಡ, ವಾಹನ ಜಾಸ್ತಿ, ತಮಿಳು ಬರುವುದಿಲ್ಲ, ಒಬ್ಬಳೇ ಅಂಗಡಿಗೆ ಹೋಗಬೇಡ, ಬಾಲ್ಕನಿಯಲ್ಲಿ ಸೆಕೆ. ಅವರು ಏನೂ ದೂರಲಿಲ್ಲ, ಸುಮ್ಮನೆ ಊಟ ಕಡಿಮೆ ಮಾಡಿದರು. ಗಿಡ ಬಾಲ್ಕನಿಗೆ ಬಂದ ಮೇಲೆ ಅಮ್ಮನ ಕುರ್ಚಿಯೂ ಅಲ್ಲಿಗೆ ಬಂತು. ಕುರ್ಚಿ ಬಂದ ಮೇಲೆ ಎದುರು ಬಾಲ್ಕನಿಯ ತಿರುನೆಲ್ವೇಲಿಯ ಅಜ್ಜಿಯ ಪರಿಚಯವಾಯಿತು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಈಗ ಇಬ್ಬರೂ ಒಟ್ಟಿಗೆ ಸೊಪ್ಪು ತರಲು ಹೋಗುತ್ತಾರೆ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. ನಮ್ಮ ಬೀದಿಯಲ್ಲಿ ಸೊಂಟದವರೆಗೆ ನೀರು, ಮೂರು ದಿನ ಕರೆಂಟಿಲ್ಲ. ಹಲಗೆಯನ್ನು ಒಳಗೆ ತರಲು ಹೋದೆ. "ಬಿಡು, ಅದಕ್ಕೆ ಗಾಳಿಮಳೆ ಹೊಸದೇನಲ್ಲ" ಎಂದರು ಅಮ್ಮ. ಹಗ್ಗ ಮಾತ್ರ ಬಿಗಿ ಮಾಡಿದೆ.

2024ರ ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಎಲೆಯ ಸಂದಿಯಲ್ಲಿ ಹಸಿರು ಮೊನೆ ಕಂಡಿತು. ಬೇರಿರಬಹುದು ಅಂದುಕೊಂಡೆ. ಬೇರಲ್ಲ. ಜೂನ್ ಎರಡನೇ ವಾರ ದಂಡೆ ಬಿಚ್ಚಿತು. ಮಗಳು ಹೂ ಎಣಿಸಿದಳು, 61. ಅವಳಿಗೆ ಶಾಲೆಯಲ್ಲಿ ಗಿಡಕ್ಕೆ ಚೀಟಿ ಕಟ್ಟುವುದನ್ನು ಕಲಿಸಿದ್ದಾರೆ, ಏನು ಬರೆಯಲಿ ಎಂದಳು. ರಿಂಕೊಸ್ಟೈಲಿಸ್ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾಗಿ ಅಜ್ಜಿಯನ್ನು ಕೇಳು ಎಂದೆ. ಈಗ ಹಲಗೆಯ ಮೂಲೆಯಲ್ಲಿ ಅವಳ ಸೊಟ್ಟ ಕನ್ನಡ ಅಕ್ಷರದ ಚೀಟಿ ತೂಗುತ್ತಿದೆ: 'ಸೀತಾಳೆ ದಂಡೆ. ಹಿತ್ತಲ ಹಲಸಿನ ಮೇಲಿನದು. ಉಳಿಸಿ ಕೊಟ್ಟವರು ಪಕ್ಕದ ಮನೆಯವರು.'

ಅಮ್ಮ ಕುರ್ಚಿಯಿಂದ ಎದ್ದು ಬಂದು ದಂಡೆಯನ್ನು ಕೆಳಗಿನಿಂದ ಬೆರಳಲ್ಲಿ ಎತ್ತಿ ನೋಡಿದರು.

"ಊರಲ್ಲಿ ಇದಕ್ಕಿಂತ ಉದ್ದ ಇರ್ತಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ವರ್ಷ ಬರ್ತದೆ ಬಿಡು" ಎಂದರು.